ಆತನು ನಡೆಸಿದನೋ, ನಾನೇ ನಡೆದೆನೋ?

ಪ್ರಶ್ನೆ: ಲಿಂಗರಾಜಪುರದ ಸಹೋದರಿ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಬಹಳ ತಿಂಗಳುಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಸಭೆಯಲ್ಲಿ ಎದ್ದು ನಿಂತು ಕೇಳಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಸೈರಿಸಿಕೊಳ್ಳಿ.

ಎರಡು ವರ್ಷಗಳ ಹಿಂದೆ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಎಲ್ಲರಂತೆ ನಾನೂ ತಟ್ಟೆಯಿಂದ ಒಂದು ವಾಗ್ದಾನದ ಕಾರ್ಡನ್ನು ಎತ್ತಿಕೊಂಡೆ. ಅಂಚಿಗೆ ಗುಲಾಬಿ ಹೂವಿನ ಚಿತ್ರವಿದ್ದ ಆ ಪುಟ್ಟ ಕಾರ್ಡಿನ ಮೇಲೆ ಯೆಶಾಯ 43:19 ಇತ್ತು. ದೇವರು ತಾನು ಹೊಸ ಕಾರ್ಯವನ್ನು ಮಾಡುವೆನೆಂದು ಹೇಳುವ ವಚನ. ಆಗ ನಾನು ಹನ್ನೊಂದು ವರ್ಷಗಳಿಂದ ಒಂದೇ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಜನವರಿ ಎರಡನೆಯ ವಾರದಲ್ಲಿ ಬೇರೊಂದು ಸಂಸ್ಥೆಯಿಂದ ಹೆಚ್ಚಿನ ಸಂಬಳದ ಕರೆ ಬಂದಾಗ, ಕಾರ್ಡಿನಲ್ಲಿದ್ದ ಹೊಸ ಕಾರ್ಯ ಇದೇ ಎಂದು ನನಗೆ ತೋಚಿತು. ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದೆ, ಮನಸ್ಸಿಗೆ ಸಮಾಧಾನವೂ ಬಂತು, ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಹೊಸ ಸಂಸ್ಥೆ ಏಳೇ ತಿಂಗಳಲ್ಲಿ ಬಾಗಿಲು ಹಾಕಿತು. ಕೊನೆಯ ಎರಡು ತಿಂಗಳ ಸಂಬಳ ಇಂದಿಗೂ ಕೈಸೇರಿಲ್ಲ. ಮಗಳ ಶಾಲೆಯ ಶುಲ್ಕ ಕಟ್ಟಲು ನನ್ನ ಎರಡು ಬಳೆಗಳನ್ನು ಅಡವಿಡಬೇಕಾಯಿತು. ಈಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮತ್ತೆ ಅದೇ ಲೆಕ್ಕದ ಕೆಲಸ ಸಿಕ್ಕಿದೆ.

ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಅಲುಗಿಸಿದ್ದು ಇನ್ನೊಂದು. ಆ ಸಮಾಧಾನ ಎಲ್ಲಿಂದ ಬಂದಿತ್ತು? ದೇವರಿಂದ ಬಂದಿದ್ದರೆ ಹೀಗೇಕಾಯಿತು? ನನ್ನದೇ ಆಸೆ ಸಮಾಧಾನದ ವೇಷ ಹಾಕಿಕೊಂಡು ಬಂದಿದ್ದರೆ, ಇನ್ನು ಮುಂದೆ ಯಾವುದನ್ನು ನಂಬಲಿ? ಮೆಟ್ರೊದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸುವಾಗ ಜನರ ನಡುವೆ ನಿಂತು ಪ್ರತಿದಿನವೂ ಪ್ರಾರ್ಥಿಸುತ್ತೇನೆ. ಆದರೆ ಕರ್ತನೇ ನಡೆಸು ಎನ್ನುವ ಮಾತು ಬಾಯಿಗೆ ಬರುವಾಗಲೇ ಒಳಗೊಂದು ಭಯ ಏಳುತ್ತದೆ. ಸಣ್ಣಪುಟ್ಟ ವಿಷಯಗಳಲ್ಲಿಯೂ, ಮಗಳನ್ನು ಯಾವ ಟ್ಯೂಷನ್‌ಗೆ ಸೇರಿಸಬೇಕು ಎಂಬಷ್ಟರಲ್ಲಿಯೂ, ತೀರ್ಮಾನ ಮಾಡಲು ಕೈ ನಡುಗುತ್ತದೆ.

ಈಗ ಮತ್ತೊಂದು ದೊಡ್ಡ ತೀರ್ಮಾನ ಎದುರಿಗಿದೆ. ಚಿಕ್ಕಬಳ್ಳಾಪುರದಲ್ಲಿ ಭಾವನವರ ಮನೆಯಲ್ಲಿರುವ ನಮ್ಮ ಅತ್ತೆಗೆ ಒಂದೂವರೆ ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಓರಗಿತ್ತಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿರುವುದರಿಂದ ಅತ್ತೆಯನ್ನು ಎತ್ತಿ ಕೂರಿಸುವುದು ಅವರಿಂದ ಆಗುತ್ತಿಲ್ಲ. ನೀವು ಇಲ್ಲಿಗೇ ಬಂದುಬಿಡಿ ಎಂದು ಭಾವನವರು ಕೇಳಿದ್ದಾರೆ. ಅಲ್ಲಿನ ಒಂದು ಶಾಲೆಯಲ್ಲಿ ನನಗೆ ಲೆಕ್ಕದ ಕೆಲಸವೂ ಸಿಗಬಹುದು, ಸಂಬಳ ಈಗಿನ ಅರ್ಧಕ್ಕಿಂತ ಕಡಿಮೆ. ಮಗಳು ಮುಂದಿನ ವರ್ಷ ಹತ್ತನೆಯ ತರಗತಿ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಯಜಮಾನರು, ನೀನು ಪ್ರಾರ್ಥಿಸಿ ಹೇಳು, ಹಾಗೆಯೇ ಮಾಡೋಣ ಎನ್ನುತ್ತಾರೆ. ಆ ಮಾತೇ ನನಗೆ ಭಾರವಾಗಿದೆ. ದೇವರ ನಡೆಸುವಿಕೆಯನ್ನು ನೀವೆಲ್ಲರೂ ದಿನದ ಬದುಕಿನಲ್ಲಿ ಹೇಗೆ ತಿಳಿದುಕೊಳ್ಳುತ್ತೀರಿ, ಒಮ್ಮೆ ಎಡವಿದ ಮೇಲೆ ಮತ್ತೆ ಹೇಗೆ ನಂಬುತ್ತೀರಿ?

ಉತ್ತರ: ಸಭೆಯ ಹಿರಿಯ, ನಿವೃತ್ತ ಶಿಕ್ಷಕ

ಸಹೋದರಿ, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಎಡವಿದಿರಿ ಎಂದು ಬರೆದಿದ್ದೀರಿ; ಆ ಮಾತನ್ನು ಅಷ್ಟು ಬೇಗ ಒಪ್ಪಿಕೊಳ್ಳಬೇಡಿ ಎಂದು ಮೊದಲು ಹೇಳಬೇಕೆನಿಸಿತು.

ಆ ಕಾರ್ಡಿನ ವಚನದಿಂದಲೇ ಆರಂಭಿಸುತ್ತೇನೆ. ಯೆಶಾಯನ 43ನೆಯ ಅಧ್ಯಾಯವು ಬಾಬೆಲಿನ ಸೆರೆಯ ಹಿನ್ನೆಲೆಯಲ್ಲಿ, ಊರನ್ನೂ ದೇವಾಲಯವನ್ನೂ ಕಳೆದುಕೊಂಡು, ದೇವರು ತಮ್ಮನ್ನು ಮರೆತನೆಂದು ಕುಗ್ಗಿದ್ದ ಜನರಿಗೆ ಹೇಳಿದ ಮಾತು. ಅದೇ ಅಧ್ಯಾಯದ ಎರಡನೆಯ ವಚನದಲ್ಲಿ ನೀರನ್ನು ಹಾದುಹೋಗುವಾಗಲೂ ಬೆಂಕಿಯಲ್ಲಿ ನಡೆಯುವಾಗಲೂ ನಿನ್ನ ಸಂಗಡ ಇರುತ್ತೇನೆ ಎಂಬ ವಾಗ್ದಾನವಿದೆ. ನೀರೂ ಬೆಂಕಿಯೂ ಇರುವುದಿಲ್ಲ ಎಂದು ಅಲ್ಲಿ ಹೇಳಿಲ್ಲ. 19ನೆಯ ವಚನದ ಹೊಸ ಕಾರ್ಯವೂ ಅಡವಿಯಲ್ಲಿ ದಾರಿ, ಮರಳುಗಾಡಿನಲ್ಲಿ ನದಿ. ದಾರಿಯಿಲ್ಲದ ಕಡೆ ನಿಂತಿರುವವರಿಗೆ ಕೊಟ್ಟ ಮಾತು. ವಾಗ್ದಾನದ ಕಾರ್ಡುಗಳ ಮೇಲೆ ನನಗೆ ಕೋಪವಿಲ್ಲ, ನಮ್ಮ ಮನೆಯ ಕನ್ನಡಿಯ ಅಂಚಿನಲ್ಲಿಯೂ ಒಂದಿದೆ. ಆದರೆ ಅಷ್ಟು ಚಿಕ್ಕ ಕಾರ್ಡಿನಲ್ಲಿ ಅಧ್ಯಾಯ ಹಿಡಿಸುವುದಿಲ್ಲ. ಕಾರ್ಡನ್ನು ಓದಿದವರು ಸತ್ಯವೇದವನ್ನು ತೆರೆದು ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಹಾಗೆ ಓದಿದರೆ, ಆ ವಚನವು ಕೆಲಸ ಬದಲಾಯಿಸಲು ಕೊಟ್ಟ ಅಪ್ಪಣೆಯಾಗಿರಲಿಲ್ಲ ಎಂಬುದು ತಿಳಿಯುತ್ತದೆ, ಕೆಲಸ ಹೋದ ಮೇಲೂ ಅದು ಸುಳ್ಳಾಗಿಲ್ಲ ಎಂಬುದೂ ತಿಳಿಯುತ್ತದೆ. ಬಳೆಗಳನ್ನು ಅಡವಿಟ್ಟ ಆ ತಿಂಗಳುಗಳಿಗೆ ಅದು ಜನವರಿಗಿಂತ ಹೆಚ್ಚು ಒಪ್ಪುತ್ತದೆ.

ಇನ್ನು, ಕೆಡುಕಾಯಿತು ಎಂದ ಮಾತ್ರಕ್ಕೆ ದೇವರು ನಡೆಸಿರಲಿಲ್ಲ ಎಂದು ಹೇಳಲಾಗದು. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ನೋಡಿ. ಪೌಲನು ಆಸ್ಯ ಸೀಮೆಯಲ್ಲಿ ವಾಕ್ಯವನ್ನು ಸಾರಬೇಕೆಂದಿದ್ದಾಗ ಪವಿತ್ರಾತ್ಮನು ತಡೆದನು; ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗ ಅದಕ್ಕೂ ಅಪ್ಪಣೆ ಸಿಗಲಿಲ್ಲ. ಎರಡು ಬಾಗಿಲು ಮುಚ್ಚಿದ ಮೇಲೆ, ತ್ರೋವದಲ್ಲಿ ರಾತ್ರಿ ದರ್ಶನವಾಯಿತು. ಆಗಲೂ ಅವರು ಒಟ್ಟಿಗೆ ಆಲೋಚಿಸಿ, ಮಕೆದೋನ್ಯಕ್ಕೆ ಹೋಗಲು ದೇವರು ಕರೆದಿದ್ದಾನೆಂದು ನಿಶ್ಚಯಿಸಿಕೊಂಡರು ಎಂದು ಹತ್ತನೆಯ ವಚನ ಹೇಳುತ್ತದೆ. ದರ್ಶನ ಒಬ್ಬನಿಗೆ, ನಿಶ್ಚಯ ಎಲ್ಲರದು. ಹೀಗೆ ಸ್ಪಷ್ಟವಾಗಿ ನಡೆಸಲ್ಪಟ್ಟು ಫಿಲಿಪ್ಪಿಗೆ ಹೋದವರಿಗೆ ಸಿಕ್ಕಿದ್ದೇನು? ಬೆತ್ತದ ಏಟು, ಒಳಗಿನ ಸೆರೆಮನೆ, ಕಾಲಿಗೆ ಕೋಳ. ಫಲವನ್ನು ನೋಡಿ ನಡೆಸುವಿಕೆಯನ್ನು ಅಳೆಯುವುದಾದರೆ, ಪೌಲನೂ ಅವನ ಜೊತೆಗಾರ ಸೀಲನೂ ಆ ರಾತ್ರಿ ನಾವು ತಪ್ಪು ದಾರಿಗೆ ಬಂದೆವು ಎಂದು ಅಳಬೇಕಾಗಿತ್ತು. ಅವರು ಸ್ತುತಿಪದಗಳನ್ನು ಹಾಡಿದರು.

ಆದುದರಿಂದ ನಿಮ್ಮ ಅಂದಿನ ತೀರ್ಮಾನ ದೇವರಿಂದಲೇ ಬಂದದ್ದು ಎಂದು ನಾನು ಹೇಳುತ್ತಿಲ್ಲ. ಅದು ನಿಮಗೂ ನನಗೂ ತೀರ್ಪು ಹೇಳಲಾಗದ ಸಂಗತಿ. ನಾನು ಹೇಳುವುದಿಷ್ಟು: ನೀವು ಪ್ರಾಮಾಣಿಕವಾಗಿ ಪ್ರಾರ್ಥಿಸಿ, ನಿಮಗೆ ತಿಳಿದಷ್ಟು ಬೆಳಕಿನಲ್ಲಿ ಹೆಜ್ಜೆಯಿಟ್ಟಿರಿ. ಆ ಹೆಜ್ಜೆಯಲ್ಲಿ ನಿಮ್ಮ ಆಸೆಯ ಪಾಲು ಎಷ್ಟಿದ್ದರೂ ಅದು ಕುರುಬನ ಕೈಗೆಟುಕದಷ್ಟು ದೂರದ ಹೆಜ್ಜೆಯಲ್ಲ. ಪೀಣ್ಯದಲ್ಲಿ ಕೆಲಸ ಸಿಕ್ಕಿದ್ದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅದನ್ನೂ ಒಂದು ಘಳಿಗೆ ನಿಂತು ನೋಡಿ.

ನಮ್ಮ ಊರಿಗೆ ಸಂಬಂಧಪಟ್ಟ ಒಂದು ಜೀವನವನ್ನು ಈ ವಿಷಯದಲ್ಲಿ ನಾನು ಆಗಾಗ ನೆನೆಯುತ್ತೇನೆ. ಐರ್ಲೆಂಡಿನ ಮಿಷನರಿ ಎಮಿ ಕಾರ್ಮೈಕಲ್ 1893ರಲ್ಲಿ ಸೇವೆಗೆಂದು ಜಪಾನಿಗೆ ಹೋದರು. ಆರೋಗ್ಯ ಕೆಟ್ಟು ಅಲ್ಲಿಂದ ಹೊರಡಬೇಕಾಯಿತು. ಸಿಂಹಳದಲ್ಲಿ ಕೆಲವು ಕಾಲವಿದ್ದು ಸ್ವದೇಶಕ್ಕೆ ಮರಳಿ, 1895ರಲ್ಲಿ ಬೆಂಗಳೂರಿಗೆ ಬಂದಿಳಿದರು. ಬೆಂಗಳೂರೂ ಅವರ ಕೊನೆಯ ನಿಲ್ದಾಣವಾಗಲಿಲ್ಲ; ಮುಂದೆ ತಮಿಳುನಾಡಿನ ದಕ್ಷಿಣ ತುದಿಯ ದೋನಾವೂರಿನಲ್ಲಿ ನೂರಾರು ಮಕ್ಕಳಿಗೆ ತಾಯಿಯಾದರು. 1931ರಲ್ಲಿ ಬಿದ್ದು ಪೆಟ್ಟಾದ ಮೇಲೆ 1951ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚಿನ ಕಾಲವನ್ನು ಕೋಣೆಯಲ್ಲಿಯೇ ಕಳೆದರು. ಜಪಾನಿನಿಂದ ಕಾಯಿಲೆ ಬಿದ್ದು ಹಡಗು ಹತ್ತಿದ ದಿನ ಅವರಿಗೆ ದೋನಾವೂರು ಎಂಬ ಹೆಸರೂ ಕಿವಿಗೆ ಬಿದ್ದಿರಲಾರದು.

ಗಿದ್ಯೋನನು ಕುರಿಯ ತುಪ್ಪಟವನ್ನು ಹಾಸಿ, ಅದರ ಮೇಲೆ ಇಬ್ಬನಿ ಬೀಳುವುದನ್ನೂ ಬೀಳದಿರುವುದನ್ನೂ ಗುರುತಾಗಿ ಕೇಳಿದ ಕಥೆಯನ್ನು ಯಾರಾದರೂ ನಿಮಗೆ ಹೇಳಬಹುದು, ದೇವರಿಂದ ಒಂದು ಗುರುತನ್ನು ಕೇಳು ಎನ್ನಬಹುದು. ನ್ಯಾಯಸ್ಥಾಪಕರು 6ನೆಯ ಅಧ್ಯಾಯವನ್ನು ಗಮನವಿಟ್ಟು ಓದಿದರೆ, ಗಿದ್ಯೋನನು ತುಪ್ಪಟವನ್ನು ಕಣದಲ್ಲಿ ಹಾಸುವ ಮೊದಲೇ ಏನು ಮಾಡಬೇಕೆಂದು ದೇವರು ಅವನಿಗೆ ಬಾಯಿಬಿಟ್ಟು ಹೇಳಿಯಾಗಿತ್ತು. ದೇವರು ಅವನ ಬಲಹೀನತೆಯನ್ನು ಸಹಿಸಿಕೊಂಡು ಎರಡು ಬಾರಿಯೂ ಉತ್ತರ ಕೊಟ್ಟದ್ದು ಆತನ ಕರುಣೆ. ಹಾಗೆಯೇ ಯೇಸುವನ್ನು ಹಿಡಿದುಕೊಟ್ಟ ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟು ಹಾಕಿ ಆರಿಸಿದ್ದು ಪಂಚಾಶತ್ತಮ ದಿನಕ್ಕೆ ಮೊದಲು; ಪವಿತ್ರಾತ್ಮನು ಇಳಿದು ಬಂದ ಮೇಲೆ ಸಭೆ ಚೀಟು ಹಾಕಿದ್ದನ್ನು ಹೊಸ ಒಡಂಬಡಿಕೆಯಲ್ಲಿ ನಾವು ಮತ್ತೆ ಕಾಣುವುದಿಲ್ಲ. ಅದರ ಬದಲು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಎಲ್ಲರೂ ಕೂಡಿ ವಾದಿಸಿ, ಕೇಳಿಸಿಕೊಂಡು, ಪವಿತ್ರಾತ್ಮನಿಗೂ ನಮಗೂ ವಿಹಿತವಾಗಿ ತೋರಿತು ಎಂದು ಬರೆಯುವುದನ್ನು ಕಾಣುತ್ತೇವೆ.

ನಿಮ್ಮ ಮುಂದಿರುವ ವಿಷಯದಲ್ಲಿ ದೇವರ ಚಿತ್ತದ ಒಂದು ಭಾಗ ಈಗಾಗಲೇ ಸ್ಪಷ್ಟವಾಗಿದೆ, ಅದಕ್ಕೆ ಗುರುತು ಬೇಕಾಗಿಲ್ಲ. ಸ್ವಂತ ಮನೆಯವರನ್ನು ನೋಡಿಕೊಳ್ಳುವುದರ ಬಗ್ಗೆ 1 ತಿಮೊಥೆ 5ನೆಯ ಅಧ್ಯಾಯದಲ್ಲಿರುವ ಮಾತು ಕಠಿಣವಾದದ್ದು. ದೇವರಿಗೆ ಕೊಟ್ಟಿದ್ದೇನೆ ಎಂಬ ನೆಪದಿಂದ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಕರ್ತನಾದ ಯೇಸು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಗದರಿಸುತ್ತಾನೆ. ಅತ್ತೆಯನ್ನು ನೋಡಿಕೊಳ್ಳಬೇಕು. ಆದರೆ ಅದನ್ನು ಚಿಕ್ಕಬಳ್ಳಾಪುರದಲ್ಲಿಯೇ ಮಾಡಬೇಕೋ, ಲಿಂಗರಾಜಪುರಕ್ಕೆ ಅವರನ್ನು ಕರೆತರಬೇಕೋ, ಮಗಳ ಪರೀಕ್ಷೆಯವರೆಗೆ ಯಾರಾದರೂ ಒಬ್ಬರು ಹೋಗಿ ಬರಬೇಕೋ, ಇದನ್ನು ವಾಕ್ಯವು ಬಾಯಲ್ಲಿ ತುತ್ತಿಟ್ಟಂತೆ ಹೇಳುವುದಿಲ್ಲ. ಅಲ್ಲಿಗೆ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ವಿವೇಕ ಬೇಕು. ಕೇಳಿದವರನ್ನು ಹಂಗಿಸದೆ ಉದಾರವಾಗಿ ಕೊಡುವ ದೇವರಿಂದ ಅದನ್ನು ಕೇಳಿಕೊಳ್ಳಿ. ಇನ್ನೊಂದು ಮಾತು, ಯಜಮಾನರಿಗೆ ತಿಳಿಸಿ: ಪ್ರಾರ್ಥನೆಯನ್ನು ಹೆಂಡತಿಗೆ ಒಪ್ಪಿಸಿ ಕೂರುವಂತಿಲ್ಲ. ಅವರ ತಾಯಿಯ ವಿಷಯ ಇದು. ಇಬ್ಬರೂ ಒಟ್ಟಿಗೆ ಮೊಣಕಾಲೂರಿ.

ಉತ್ತರ: ರಾತ್ರಿ ಪಾಳಿಯ ನರ್ಸ್

ಅಕ್ಕಾ, ಹಿರಿಯರು ವಾಕ್ಯದಿಂದ ಹೇಳಿದ್ದಕ್ಕೆ ಸೇರಿಸುವಷ್ಟು ಓದು ನನಗಿಲ್ಲ. ದಿನದ ಬದುಕಿನಲ್ಲಿ ಹೇಗೆ ಎಂದು ಕೇಳಿದ್ದೀರಲ್ಲ, ಅದಕ್ಕೆ ಮಾತ್ರ ಉತ್ತರಿಸುತ್ತೇನೆ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಪಾಳಿಯಲ್ಲಿ ಕುಳಿತು ಪ್ರಾರ್ಥಿಸಲು ಸಮಯವಿರುವುದಿಲ್ಲ. ಆದರೆ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮೊದಲು ಕೈ ತೊಳೆಯಲೇಬೇಕು. ಸೋಪು ಹಚ್ಚಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು ಎಂದು ನಮಗೆ ಕಲಿಸಿದ್ದಾರೆ. ಆ ಸೆಕೆಂಡುಗಳು ನನ್ನ ಪ್ರಾರ್ಥನೆಯ ಕೋಣೆ. ಬೆರಳುಗಳ ಸಂದಿಯನ್ನು ಉಜ್ಜುತ್ತಾ, ಮುಂದಿನ ಹಾಸಿಗೆಯಲ್ಲಿ ಮಲಗಿರುವವರ ಹೆಸರನ್ನು ಹೇಳಿ, ಕರ್ತನೇ, ಇವರಲ್ಲಿ ನಾನು ನೋಡಬೇಕಾದದ್ದನ್ನು ತೋರಿಸು ಎನ್ನುತ್ತೇನೆ. ಅಷ್ಟೇ. ನೆಹೆಮೀಯನು ಅರಸನ ಮುಂದೆ ನಿಂತಿದ್ದಾಗ, ಅರಸನು ಏನು ಬೇಕೆಂದು ಕೇಳಿದ್ದಕ್ಕೂ ಇವನು ಉತ್ತರ ಹೇಳಿದ್ದಕ್ಕೂ ನಡುವೆ ಪರಲೋಕದ ದೇವರಿಗೆ ಪ್ರಾರ್ಥಿಸಿದನಂತೆ. ಎಷ್ಟು ಹೊತ್ತು ಸಿಕ್ಕಿರಬಹುದು ಹೇಳಿ, ಒಂದು ಉಸಿರಿನಷ್ಟು.

ಈ ಪ್ರಾರ್ಥನೆಯ ನಂತರ ನನಗೆ ಧ್ವನಿ ಕೇಳಿಸಿದ್ದಿಲ್ಲ. ಸಮಾಧಾನ ಬಂದ ದಿನಗಳಿವೆ, ಬಾರದ ದಿನಗಳೂ ಇವೆ, ಎರಡೂ ದಿನ ಕೆಲಸ ಒಂದೇ. ಆದರೆ ಒಂದು ಬದಲಾವಣೆಯನ್ನು ಕಂಡಿದ್ದೇನೆ: ಪ್ರಾರ್ಥಿಸಿ ಹೋದಾಗ ನಾನು ಹಾಸಿಗೆಯ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹಾಗೆ ನಿಂತಾಗ ಕಾಲಿನ ಊತ ಕಣ್ಣಿಗೆ ಬೀಳುತ್ತದೆ, ಉಸಿರಿನ ಸದ್ದು ಬೇರೆಯಾಗಿರುವುದು ಕಿವಿಗೆ ಬೀಳುತ್ತದೆ. ನಡೆಸುವಿಕೆ ಎಂದರೆ ನನ್ನ ಪಾಲಿಗೆ ಇದು. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನವು ಆ ದಿನಕ್ಕೆ ಸಾಕಾಗುವಷ್ಟೇ ಸಿಗುತ್ತಿತ್ತು, ಮರುದಿನಕ್ಕೆ ಕೂಡಿಟ್ಟದ್ದರಲ್ಲಿ ಹುಳು ಬಿತ್ತು ಎಂಬುದು ನನಗೆ ವಾರ್ಡಿನಲ್ಲಿ ಅರ್ಥವಾಯಿತು. ನೀವು ಮುಂದಿನ ಎರಡು ವರ್ಷಗಳ ಭರವಸೆಯನ್ನು ಇಂದೇ ಕೂಡಿಡಲು ನೋಡುತ್ತಿದ್ದೀರೇನೋ ಅನ್ನಿಸುತ್ತದೆ, ತಪ್ಪು ತಿಳಿಯಬೇಡಿ.

ಅತ್ತೆಯವರ ವಿಷಯಕ್ಕೆ ಬಂದರೆ, ಸ್ಟ್ರೋಕ್ ಆದವರಲ್ಲಿ ಚೇತರಿಕೆ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ಹೆಚ್ಚು ವೇಗವಾಗಿರುತ್ತದೆ, ಆಮೇಲೂ ನಿಧಾನವಾಗಿ ಮುಂದುವರಿಯಬಹುದು. ಒಂದೂವರೆ ತಿಂಗಳು ಈಗಾಗಲೇ ಕಳೆದಿದೆ. ಆದ್ದರಿಂದ ಯಾವ ಊರು ಎಂಬ ಪ್ರಶ್ನೆಗೆ ಮೊದಲು, ದಿನವೂ ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ವೈದ್ಯರನ್ನು ಕೇಳಿ, ಅಲ್ಲಿ ಮನೆಗೆ ಬಂದು ಮಾಡಿಸುವವರು ಇದ್ದಾರೆಯೇ ನೋಡಿ, ತಿಂಗಳಿಗೆ ಎಷ್ಟಾಗುತ್ತದೆಂದು ನೀವೇ ಲೆಕ್ಕ ಬರೆಯಿರಿ. ಲೆಕ್ಕ ನಿಮಗೆ ಬರುವಷ್ಟು ನಮಗಾರಿಗೂ ಬಾರದು. ಆಲೋಚನೆ ಹೇಳುವವರು ಬಹಳ ಮಂದಿ ಇದ್ದರೆ ಉದ್ದೇಶ ಈಡೇರುತ್ತದೆ ಎಂದು ಜ್ಞಾನೋಕ್ತಿಗಳಲ್ಲಿದೆ. ಆ ಬಹಳ ಮಂದಿಯಲ್ಲಿ ಫಿಸಿಯೋಥೆರಪಿಸ್ಟರೂ ಸೇರುತ್ತಾರೆ.

ಉತ್ತರ: ಪ್ರಾರ್ಥನಾ ಕೂಟದ ಸಹೋದರ, ಕೆ.ಆರ್. ಪುರ

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಆತಂಕವನ್ನು ಹೇಳಲೇಬೇಕು. ಗುರುತುಗಳು ಹಳೆಯ ಕಾಲದವು, ಈಗ ವಿವೇಕವೊಂದೇ ಸಾಕು ಎಂದು ಓದುವವರು ತಿಳಿದುಕೊಂಡರೆ, ಜೀವಿಸುವ ದೇವರು ಇಂದು ಮಾತನಾಡುತ್ತಾನೆಂಬ ನಿರೀಕ್ಷೆಯೇ ಬತ್ತಿಹೋಗುತ್ತದೆ. ಆತ್ಮನನ್ನು ನಂದಿಸಬೇಡಿ, ಪ್ರವಾದನೆಗಳನ್ನು ಹೀನೈಸಬೇಡಿ ಎಂದು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಪೌಲನೇ ಹೇಳಿದ್ದಾನೆ. ಅದರ ಮರುವಚನದಲ್ಲಿಯೇ ಎಲ್ಲವನ್ನೂ ಪರಿಶೋಧಿಸಿ ಎಂದಿರುವುದೂ ನನಗೆ ಗೊತ್ತಿದೆ. ಎರಡನ್ನೂ ಹಿಡಿದುಕೊಳ್ಳಬೇಕೆಂಬುದೇ ನನ್ನ ವಾದ.

ನನ್ನ ಅನುಭವವೊಂದನ್ನು ಸಾಕ್ಷಿಯಾಗಿ ಹೇಳುತ್ತೇನೆ. ಕಳೆದ ಮಳೆಗಾಲದ ಒಂದು ಸಂಜೆ ಟಿನ್ ಫ್ಯಾಕ್ಟರಿಯ ಬಳಿ ಬೈಕು ನಿಲ್ಲಿಸಿ ಮಳೆ ಬಿಡುವುದನ್ನು ಕಾಯುತ್ತಿದ್ದೆ. ಎಂಟು ತಿಂಗಳಿಂದ ಮಾತನಾಡದೆ ಇದ್ದ ಹಳೆಯ ಸಹೋದ್ಯೋಗಿಯೊಬ್ಬರ ಮುಖ ಇದ್ದಕ್ಕಿದ್ದಂತೆ ಮನಸ್ಸಿಗೆ ಬಂತು, ಫೋನ್ ಮಾಡು ಎಂಬ ಪ್ರೇರಣೆ ಬಿಡದೆ ಕಾಡಿತು. ಮಾಡಿದೆ. ಅವರು ಫೋನ್ ಎತ್ತಿ ಬಹಳ ಹೊತ್ತು ಮಾತನಾಡಲಿಲ್ಲ. ಆ ಬೆಳಿಗ್ಗೆ ಅವರ ತಮ್ಮ ತೀರಿಕೊಂಡಿದ್ದರು, ಮನೆಯಲ್ಲಿ ಇವರೊಬ್ಬರೇ ಇದ್ದರು. ನಾನು ನೆನೆದುಕೊಂಡೇ ಅವರ ಮನೆಗೆ ಹೋದೆ. ಇದನ್ನು ಕಾಕತಾಳೀಯ ಎನ್ನಲು ನನ್ನಿಂದಾಗದು.

ಇಂಥ ಪ್ರೇರಣೆಗಳಲ್ಲಿ ನಾನೂ ತಪ್ಪಿದ್ದೇನೆ. ಆ ತಪ್ಪುಗಳಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ತಪ್ಪಾದರೂ ಯಾರಿಗೂ ನಷ್ಟವಿಲ್ಲದ ಪ್ರೇರಣೆಗೆ, ಒಂದು ಫೋನ್ ಕರೆ, ಒಂದು ಭೇಟಿ, ಒಂದು ಕ್ಷಮೆಯ ಮಾತು ಇಂಥವುಗಳಿಗೆ, ತಕ್ಷಣ ವಿಧೇಯನಾಗುತ್ತೇನೆ. ಮನೆಯವರೆಲ್ಲರ ಬದುಕನ್ನು ತಿರುಗಿಸುವಂಥದ್ದಾದರೆ, ಅದು ಎಷ್ಟೇ ಬಲವಾಗಿ ಬಂದರೂ, ಇಬ್ಬರು ಮೂವರು ವಿಶ್ವಾಸಿಗಳ ಮುಂದೆ ಇಟ್ಟು ಕಾಯುತ್ತೇನೆ. ಬಾಲಕನಾದ ಸಮುವೇಲನೂ ಕರ್ತನ ಧ್ವನಿಯನ್ನು ಮೂರು ಬಾರಿ ಯಾಜಕನಾದ ಏಲಿಯ ಧ್ವನಿಯೆಂದೇ ತಿಳಿದು ಎದ್ದು ಓಡಿದನು. ದೇವರು ಅದಕ್ಕಾಗಿ ಅವನ ಮೇಲೆ ಸಿಟ್ಟಾಗಲಿಲ್ಲ, ನಾಲ್ಕನೆಯ ಬಾರಿ ಮತ್ತೆ ಕರೆದನು. ಸಹೋದರಿ, ನೀವು ಒಂದು ಬಾರಿ ತಪ್ಪಾಗಿ ಕೇಳಿಸಿಕೊಂಡಿದ್ದರೂ, ಆತನು ಕರೆಯುವುದನ್ನು ನಿಲ್ಲಿಸಿಲ್ಲ.

ಸಭೆಯ ಹಿರಿಯ, ನಿವೃತ್ತ ಶಿಕ್ಷಕ

ಸಹೋದರರೇ, ನಿಮ್ಮ ತಿದ್ದುಪಡಿಯನ್ನು ಸಂತೋಷದಿಂದ ಸ್ವೀಕರಿಸುತ್ತೇನೆ. ನಾನು ಬರೆದದ್ದರಲ್ಲಿ ಆ ಅಪಾಯವಿತ್ತು. ನಷ್ಟವಿಲ್ಲದ ಪ್ರೇರಣೆಗೆ ತಕ್ಷಣ, ಭಾರವಾದದ್ದಕ್ಕೆ ಕಾಯುವುದು ಎಂಬ ನಿಮ್ಮ ಅಭ್ಯಾಸವನ್ನು ನಮ್ಮ ಯುವಕರ ಕೂಟದಲ್ಲಿ ಹೇಳಲು ಬಯಸುತ್ತೇನೆ.

ಉತ್ತರ: ಶಿವಾಜಿನಗರದಿಂದ ಒಬ್ಬ ಕಥೋಲಿಕ ಓದುಗ

ನಮಸ್ಕಾರ. ನಾನು ಕಥೋಲಿಕ ಸಭೆಯವನು, ಇಲ್ಲಿ ಬರೆಯುವುದು ಅಪರೂಪ. ಸಹೋದರಿಯವರು ಬರೆದ ಕೈ ನಡುಗುತ್ತದೆ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿದ್ದರಿಂದ ಬರೆಯುತ್ತಿದ್ದೇನೆ.

ಸಂತ ಲೊಯೋಲಾದ ಇಗ್ನೇಷಿಯಸರು 1521ರಲ್ಲಿ ಪಂಪ್ಲೋನದ ಕದನದಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಆಗ ಅವರು ತಮ್ಮ ಮನಸ್ಸಿನಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿದರು. ಯುದ್ಧದ ಕೀರ್ತಿಯ ಕನಸುಗಳು ಕಾಣುವಾಗ ಹಿತವಾಗಿದ್ದು ಆಮೇಲೆ ಮನಸ್ಸನ್ನು ಒಣಗಿಸಿಬಿಡುತ್ತಿದ್ದವು; ಸಂತರಂತೆ ಪ್ರಭುವನ್ನು ಹಿಂಬಾಲಿಸುವ ಯೋಚನೆಗಳು ಮುಗಿದ ಮೇಲೂ ನೆಮ್ಮದಿಯನ್ನು ಉಳಿಸುತ್ತಿದ್ದವು. ಸಮಾಧಾನ ಬಂದ ಕ್ಷಣವನ್ನು ಮಾತ್ರ ನೋಡದೆ ಅದು ಎಷ್ಟು ದಿನ ಉಳಿಯಿತು, ನಮ್ಮನ್ನು ಯಾವ ಕಡೆಗೆ ಎಳೆಯಿತು ಎಂಬುದನ್ನೂ ನೋಡಬೇಕು ಎಂದು ಅವರು ಕಲಿತದ್ದು ಹೀಗೆ. ಅವರು ಕೊಟ್ಟ ಇನ್ನೊಂದು ನಿಯಮ ನಿಮಗೆ ಇಂದು ಬೇಕಾಗಬಹುದು: ಮನಸ್ಸು ಕತ್ತಲೆಯಲ್ಲಿ, ಕಳವಳದಲ್ಲಿ ಇರುವಾಗ ಹಿಂದೆ ಮಾಡಿದ್ದ ಒಳ್ಳೆಯ ನಿರ್ಧಾರವನ್ನು ಬದಲಾಯಿಸಬಾರದು. ಭಯವು ನಿಮಗೆ ಹೋಗು ಎಂದರೂ, ಹೋಗಬೇಡ ಎಂದರೂ, ಅದು ಭಯದ ಮಾತು. ಭಯ ಇಳಿದ ಒಂದು ಹೊತ್ತನ್ನು ಕಾಯಿರಿ. ತಿಂಗಳ ಕೊನೆಯವರೆಗೆ ಸಮಯವಿದೆ.

ನಾನು ಪಾಲಿಸುವ ಕ್ರಮವೊಂದಿದೆ. ರಾತ್ರಿ ಮಲಗುವ ಮೊದಲು ಹತ್ತು ನಿಮಿಷ ಕುಳಿತು ಆ ದಿನವನ್ನು ಬೆಳಗಿನಿಂದ ಹಿಂತಿರುಗಿ ನೋಡುತ್ತೇನೆ. ಎಲ್ಲಿ ಕೃತಜ್ಞತೆ ಹುಟ್ಟಿತು, ಎಲ್ಲಿ ಮನಸ್ಸು ಮುದುಡಿತು, ದೇವರು ಹತ್ತಿರವಿದ್ದರೂ ಎಲ್ಲಿ ನಾನು ಗಮನಿಸದೆ ದಾಟಿಹೋದೆ ಎಂದು ಕೇಳಿಕೊಳ್ಳುತ್ತೇನೆ. ನಡೆಯುವಾಗ ಕಾಣದಿದ್ದ ದಾರಿ ಹಿಂತಿರುಗಿ ನೋಡಿದಾಗ ಎಷ್ಟೋ ಸಲ ಕಂಡಿದೆ. ಕಳೆದ ವಾರವಿಡೀ ನನಗೆ ಕಂಡದ್ದು ಒಂದೇ: ದೊಡ್ಡ ಮಗನ ಜೊತೆ ನಾನು ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ. ಅದನ್ನು ತೋರಿಸಲು ದರ್ಶನವೇನೂ ಬೇಕಾಗಲಿಲ್ಲ.

ಲಿಂಗರಾಜಪುರದ ಸಹೋದರಿ (ಒಂಬತ್ತು ದಿನಗಳ ನಂತರ)

ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ತಕ್ಷಣ ಉತ್ತರಿಸದೆ ಇದ್ದುದಕ್ಕೆ ಕ್ಷಮಿಸಿ.

ಹಿರಿಯರು ಹೇಳಿದಂತೆ ಯೆಶಾಯ 43ನ್ನು ಪೂರ್ತಿ ಓದಿದೆ. ಎರಡನೆಯ ವಚನಕ್ಕೆ ಬಂದಾಗ ಅಳು ಬಂತು. ಕಾರ್ಡನ್ನು ಹರಿದು ಹಾಕಬೇಕೆಂದು ಒಂದೆರಡು ಸಲ ಕೈಗೆ ತೆಗೆದುಕೊಂಡಿದ್ದೆ. ಈಗ ಅದನ್ನು ಆ ಪುಟದಲ್ಲಿಯೇ ಇಟ್ಟಿದ್ದೇನೆ. ಅವರ ಇನ್ನೊಂದು ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಆದರೆ ಆ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮೊದಲ ಬಾರಿಗೆ ತಾವೇ ಅಮ್ಮನ ಹೆಸರನ್ನೆತ್ತಿ ಪ್ರಾರ್ಥಿಸಿದರು.

ಶನಿವಾರ ಮೂವರೂ ಚಿಕ್ಕಬಳ್ಳಾಪುರಕ್ಕೆ ಹೋದೆವು. ನಾನು ಅಲ್ಲಿಯವರೆಗೆ ಅತ್ತೆಯ ವಿಷಯವನ್ನು ತೀರ್ಮಾನಿಸುತ್ತಿದ್ದೆನೇ ಹೊರತು ಅವರನ್ನು ಒಂದು ಮಾತು ಕೇಳಿರಲಿಲ್ಲ. ಹಾಸಿಗೆಯ ಪಕ್ಕ ಕುಳಿತು, ಎಡಗೈ ಹಿಡಿದು, ಎಲ್ಲಿರಲು ಇಷ್ಟ ಅತ್ತೆ ಎಂದು ಕೇಳಿದೆ. ಮಾತು ಇನ್ನೂ ತೊದಲುತ್ತದೆ. ಮಗಳನ್ನು ತೋರಿಸಿ, ಅವಳ ಓದು ಕೆಡಬಾರದು ಎಂದರು. ಅದನ್ನು ಹೇಳಿ ಮುಗಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಮಗಳು ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಮಡಿಸುತ್ತಾ ಕುಳಿತಿದ್ದಳು. ಹಿಂತಿರುಗುವಾಗ ಅವಳೇ ಹೇಳಿದಳು, ಅಜ್ಜಿ ನಮ್ಮ ಮನೆಗೆ ಬಂದರೆ ನನ್ನ ಕೋಣೆಯನ್ನು ಕೊಡುತ್ತೇನೆ, ನಾನು ಹಾಲ್‌ನಲ್ಲಿ ಓದಿಕೊಳ್ಳುತ್ತೇನೆ ಎಂದು.

ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಮೂರು ತಿಂಗಳ ಮಟ್ಟಿಗೆ ಅತ್ತೆಯನ್ನು ಇಲ್ಲಿಗೆ ಕರೆತರುವುದು, ಭಾವನವರು ಫಿಸಿಯೋಥೆರಪಿಯ ಖರ್ಚಿನಲ್ಲಿ ಪಾಲು ಕೊಡುವುದು, ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡುವುದು ಎಂದು ಮಾತನಾಡಿಕೊಂಡಿದ್ದೇವೆ. ಹಾಳೆಯ ಮೇಲೆ ಲೆಕ್ಕ ಬರೆದೆ. ತಿಂಗಳಿಗೆ ಸುಮಾರು ಆರು ಸಾವಿರ ರೂಪಾಯಿ ಕಡಿಮೆ ಬೀಳುತ್ತದೆ. ಅದು ಎಲ್ಲಿಂದ ಬರುತ್ತದೆಂದು ತಿಳಿಯದು. ಭಯ ಹೋಗಿಲ್ಲ, ಆದರೆ ನಾಲ್ಕು ಜನ ಅದನ್ನು ಹಂಚಿಕೊಂಡಿದ್ದೇವೆ. ಭಾನುವಾರ ಆರಾಧನೆಯ ನಂತರ ಸಭೆಯ ಪಾಲಕರಾದ ಅಯ್ಯನವರ ಬಳಿಯೂ ಹೇಳಬೇಕೆಂದಿದ್ದೇವೆ.

ನರ್ಸ್ ಸಹೋದರಿಯವರಲ್ಲಿ ಒಂದು ಪ್ರಶ್ನೆ. ಅತ್ತೆಗೆ ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ಓರಗಿತ್ತಿ ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ಮಲಗಿಸಿಯೇ ಕುಡಿಸುತ್ತಿದ್ದಾರೆ. ಅದು ಸರಿಯೇ?

ರಾತ್ರಿ ಪಾಳಿಯ ನರ್ಸ್

ಅಕ್ಕಾ, ಮಲಗಿಸಿ ಏನನ್ನೂ ಕುಡಿಸಬೇಡಿ, ಇಂದೇ ಫೋನ್ ಮಾಡಿ ಹೇಳಿ. ನುಂಗುವ ಶಕ್ತಿ ಕುಂದಿದ್ದರೆ ನೀರಿನಂಥ ತೆಳು ಪದಾರ್ಥ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಕೆಮ್ಮು ಬರುತ್ತಿರುವುದನ್ನು ವೈದ್ಯರಿಗೆ ತಿಳಿಸಿ, ನುಂಗುವುದನ್ನು ಪರೀಕ್ಷಿಸಲು ತಡಮಾಡದೆ ಕೇಳಿ. ಗಂಜಿ ಎಷ್ಟು ಗಟ್ಟಿಯಿರಬೇಕು, ಬಾಯಿಂದ ಕೊಡಬಹುದೇ ಎಂಬುದನ್ನು ಅವರೇ ಹೇಳಬೇಕು. ಕೊಡಬಹುದು ಎಂದರೆ, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ, ಸಣ್ಣ ಚಮಚದಲ್ಲಿ ಎಡಬದಿಯಿಂದ ಕೊಡಿ. ಒಂದು ತುತ್ತು ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು. ಊಟದ ನಂತರ ಬಲಗೆನ್ನೆಯ ಒಳಗೆ ಅನ್ನ ಉಳಿದಿದೆಯೇ ನೋಡಿ, ಅರ್ಧ ಗಂಟೆ ಕೂತೇ ಇರಲಿ. ಅತ್ತೆಯವರು ಇಲ್ಲಿಗೆ ಬಂದ ಮೇಲೆ ತಿಳಿಸಿ. ಬುಧವಾರ ನನಗೆ ರಜೆ, ಬಂದು ಕೂರಿಸುವ ಎತ್ತುವ ಕ್ರಮವನ್ನು ನಿಮಗೂ ಮಗಳಿಗೂ ತೋರಿಸಿಕೊಡುತ್ತೇನೆ.